ಕಡಕ್ ರೊಟ್ಟಿ, ಶೇಂಗಾ ಚಟ್ನಿ ಹಡಗಿನ್ಯಾಗ ಅಮೆರಿಕಾಕ್ಕ ಕಳಸೂದು, ಯಾರಿಗರ ಗೊತ್ತೈತೇನ್ರಿ?

ಕುಕನೂರು_ರೊಟ್ಟಿಮನಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಕೊಪ್ಪಳ ಜಿಲ್ಲಾ ಕುಕನೂರು ಹತ್ರ ಸಣ್ಣ ಯೂನಿಟ್ ಐತಿ, ಹೆಣ್ಮಕ್ಕಳ ಸಂಘದಿಂದ ಶುರು ಆಗಿದ್ದು. ಜ್ವಾಳದ ಕಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮಾವಿನಕಾಯಿ ಉಪ್ಪಿನಕಾಯಿ ಮಾಡ್ತೀವಿ. ಬೆಂಗಳೂರು ಹುಬ್ಬಳ್ಳಿಗೆ ಬಸ್ಸಿನ್ಯಾಗ ಪಾರ್ಸಲ್ ಹಾಕೂದು ರೂಢಿ ಐತಿ. ಈಗ ಟೆಕ್ಸಾಸಿನ್ಯಾಗ ಇಂಡಿಯನ್ ಕಿರಾಣಿ ಅಂಗಡಿ ಇಟ್ಕೊಂಡೋರೊಬ್ಬರು ಹೋಲ್‌ಸೇಲ್ ಬೇಕು, ಸೀ ಫ್ರೈಟ್ ಮ್ಯಾಲ ರೇಟ್ ಹೇಳ್ರಿ ಅಂತ ಗಂಟು ಬಿದ್ದಾರ. ಹಡಗಂದ್ರ ಅಗ್ಗ ಅಂತ ಎಲ್ಲಾರೂ ಹೇಳ್ತಾರ ಆದ್ರ ಎಷ್ಟ್ ಅಗ್ಗ, ಎಲ್ಲಿಂದ ಕಳಸೂದು, ಕಂಟೇನರ್ ತುಂಬೂವಷ್ಟು ಮಾಲ್ ನಮ್ಮ ಹತ್ರ ಇಲ್ಲ, ಅದಕ್ಕೇನ್ ಮಾಡೂದು ಯಾರೂ ಬಿಡಿಸಿ ಹೇಳವಲ್ರು. ಐಇಸಿ ಅಂತ ರಫ್ತು ಮಾಡೋರ ನಂಬರ್ ತಗೊಂಡೀವಿ, ಆಹಾರ ಧಂದೆಕ್ಕ ಬೇಕಾದ ಫಸೈ ಲೈಸನ್ಸ್ ಐತಿ. ಮುಂದ?

ಬಳ್ಳಾರಿ_ಟು_ಚೆನ್ನೈ:
ಅಕ್ಕಾರೇ, ನಾನು ಬಳ್ಳಾರಿ ಕೌಲ್ ಬಜಾರದವನು, ಚೆನ್ನೈನಲ್ಲಿ ಫ್ರೈಟ್ ಫಾರ್ವರ್ಡಿಂಗ್ ಕೆಲಸ, ಅಂದ್ರೆ ಬೇರೆಯವರ ಮಾಲು ಹಡಗಿಗೆ ಹಾಕಿಸಿ ಕಳ್ಸೋದು. ಫುಲ್ ಕಂಟೇನರ್ ಬೇಕಾಗಿಲ್ಲ, ಎಲ್‌ಸಿಎಲ್ ಅಂತ ಐತೆ, ಬೇರೆ ಬೇರೆ ಪಾರ್ಟಿಗಳ ಮಾಲು ಒಂದೇ ಕಂಟೇನರಿಗೆ ಹಾಕಿ ಕಳ್ಸೋದು. ಚಾರ್ಜು ಸಿಬಿಎಂ ಮೇಲೆ, ಅಂದ್ರೆ ಉದ್ದ ಅಗಲ ಎತ್ತರ ಒಂದೊಂದು ಮೀಟರ್ ಇರೋ ಜಾಗ. ಒಂದು ಸಿಬಿಎಂ ಇಲ್ಲಾ ಒಂದು ಟನ್, ನಿಮ್ಮ ಮಾಲು ಯಾವುದರಲ್ಲಿ ಜಾಸ್ತಿ ಬರ್ತದೋ ಅದರ ಮೇಲೆ ಬಿಲ್ಲು.

ಈಗ ಲೆಕ್ಕ ನೋಡ್ರಿ. ಡಬ್ಬ 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ ಅಂತ ಹಿಡ್ಕಳ್ರಿ, ಒಂದು ಸಿಬಿಎಂಗೆ 24 ಡಬ್ಬ. ಅದರಾಗೆ ರೊಟ್ಟಿ ತುಂಬಿದ್ರೆ ಒಂದಕ್ಕೆ 4 ಕೆಜಿ ಬಂದ್ರೆ ಹೆಚ್ಚು, ಅಲ್ಲಿಗೆ 96 ಕೆಜಿ. ಅದೇ ಡಬ್ಬದಾಗೆ ಚಟ್ನಿಪುಡಿ ಪೌಚು ತುಂಬಿದ್ರೆ 12 ಕೆಜಿ ಆರಾಮ್ ಕೂಡ್ತದೆ, 288 ಕೆಜಿ ಆಯ್ತು. ಎರಡಕ್ಕೂ ಹಡಗಿನ ಬಾಡಿಗೆ ಒಂದೇ. ಅಂದ್ರೆ ಚಟ್ನಿ ಮೇಲೆ ಕೆಜಿಗೆ ಬೀಳೋ ಖರ್ಚಿನ ಮೂರು ಪಟ್ಟು ರೊಟ್ಟಿ ಮೇಲೆ ಬೀಳ್ತದೆ. ಹಡಗು ಅಗ್ಗ ಅನ್ನೋದು ಭಾರದ ಮಾಲಿಗೆ. ಕೊರಿಯರ್ ಕತೆನೂ ಅಷ್ಟೇ, ಅವ್ರು ಸೆಂಟಿಮೀಟರ್ ಗುಣಿಸಿ 5000ದಿಂದ ಭಾಗಿಸ್ತಾರೆ, ಈ 4 ಕೆಜಿ ಡಬ್ಬಕ್ಕೆ 8 ಕೆಜಿ ಮೇಲೆ ದುಡ್ಡು ಕಟ್ಟಿಸ್ಕೊಂತಾರೆ.

ಇನ್ನೊಂದು. ಎಲ್‌ಸಿಎಲ್ ರೇಟು ಕೇಳಿದ್ರೆ ಕೆಲವು ಏಜೆಂಟ್ರು ನಂಬಕ್ಕಾಗದಷ್ಟು ಕಮ್ಮಿ ಹೇಳ್ತಾರೆ, ಹಿಗ್ಗಬ್ಯಾಡ್ರಿ. ಆ ಕಡೆ ಮಾಲು ಇಳಿದ ಮೇಲೆ ಗೋಡೌನು, ಹ್ಯಾಂಡ್ಲಿಂಗು, ಡಾಕ್ಯುಮೆಂಟು ಅಂತ ನಿಮ್ಮ ಖರೀದಿದಾರನ ಹತ್ರ ಎಲ್ಲಾ ಸೇರಿಸಿ ವಸೂಲಿ ಮಾಡ್ತಾರೆ. ಎರಡೂ ಕಡೆ ಚಾರ್ಜು ಬರೆದು ಕೊಡು ಅಂತ ಕೇಳ್ರಿ, ಕೊಡಲ್ಲ ಅಂದವನ್ನ ಬಿಟ್ಟುಬಿಡ್ರಿ.

ಸಿಂಧನೂರಿನವ_ಡಲ್ಲಾಸ್:
ನಾ ಇಲ್ಲೇ ಟೆಕ್ಸಾಸ್‌ನ್ಯಾಗ ಇದ್ದೀನಿ ಅಕ್ಕಾರ. ನಿಮ್ಮ ಮಾಲಿಗೆ ಗಿರಾಕಿ ಅದಾರ, ಅದರಾಗ ಅನುಮಾನ ಇಲ್ಲ, ಉತ್ತರ ಕರ್ನಾಟಕದ ಮಂದಿ ಭಾಳ ಇದ್ದೀವಿ ಇಲ್ಲಿ. ಆದ್ರ ಅಂಗಡ್ಯಾಗ ಸಿಗೋ ಕಡಕ್ ರೊಟ್ಟಿ ಪ್ಯಾಕೆಟ್ ಒಡದು ನೋಡಿದ್ರ ಅರ್ಧ ಚೂರಾಗಿರ್ತದ, ಮಂದಿ ಕೈಯಾಗ ಒತ್ತಿ ನೋಡಿ ವಾಪಸ್ ಇಟ್ಟು ಹೋಗ್ತಾರ. ಚಟ್ನಿ ಹಂಗಲ್ಲ, ಇಟ್ಟ ಕೂಡ್ಲೆ ಹೋಗ್ತದ.

ಕೊರಿಯರ್ ಬಗ್ಗೆ ಒಂದ್ ಮಾತು. ಮೊದಲು 800 ಡಾಲರ್ ಒಳಗಿನ ಪಾರ್ಸಲ್‌ಗೆ ಸುಂಕ ಇರ್ಲಿಲ್ಲ, 2025ರ ಆಗಸ್ಟ್ 29ರಿಂದ ಆ ರಿಯಾಯಿತಿ ತಗದಾರ. ಅದಕ್ಕ ನಮ್ಮಂಥೋರು ಊರಿಂದ ತರಸ್ಕೊಳ್ಳೋದು ದುಬಾರಿ ಆಗೇದ, ಅಂಗಡಿಯವ್ರು ಹೋಲ್‌ಸೇಲ್ ಕೇಳ್ಲಿಕ್ಕೆ ಅದೂ ಒಂದ್ ಕಾರಣ ಇರಬೇಕು. ಸುಂಕದ ರೇಟ್ ಮಾತ್ರ ಯಾವಾಗ ಏನಾಗ್ತದ ಹೇಳ್ಲಿಕ್ಕೆ ಬರಲ್ಲ, ಅದು ಖರೀದಿದಾರನ ತಲಿಮ್ಯಾಗ ಅಂತ ಮೊದಲೇ ಬರಿಸ್ಕೊಳ್ರಿ.

ಕುಕನೂರು_ರೊಟ್ಟಿಮನಿ:
ಅಯ್ಯ, ನಮ್ಮ ಹೆಸರು ನಡದಿದ್ದ ರೊಟ್ಟಿಮ್ಯಾಲ್ರಿ. ಚಟ್ನಿ ಎಲ್ಲಾರೂ ಮಾಡ್ತಾರ. ರೊಟ್ಟಿ ಬಿಟ್ಟು ಬರೇ ಚಟ್ನಿ ಕಳಸ್ರಿ ಅಂತೀರೇನ?

ಗಂಗಾವತಿ_ದಲಾಲಿ:
ರೊಟ್ಟಿ ಬಿಡೂದು ಬ್ಯಾಡ ತಂಗಿ. ನಾ ಅಕ್ಕಿ ಧಂದೆದಾಗ ಇದ್ದಾಂವ, ಕಾರಟಗಿ ಸಿಂಧನೂರು ಗಂಗಾವತಿ ಮಿಲ್ಲಿನ ಸೋನಾ ಮಸೂರಿ ಎಕ್ಸ್‌ಪೋರ್ಟರ್‌ಗೆ ಕೊಡಸ್ತೀನಿ. ಇದರಾಗ ಒಂದು ಗುಟ್ಟು ಐತಿ ಕೇಳು. ಅಮೆರಿಕಾದ ರೋಡಿನ ಮ್ಯಾಲ ಲಾರಿ, ಕಂಟೇನರ್, ಮಾಲು ಎಲ್ಲಾ ಕೂಡಿ 80 ಸಾವಿರ ಪೌಂಡ್ ಅಂದ್ರ ಸುಮಾರು 36 ಟನ್ ದಾಟಂಗಿಲ್ಲ, ಹಂಗಾಗಿ 20 ಅಡಿ ಕಂಟೇನರ್‌ಗೆ 19, 20 ಟನ್ ಅಕ್ಕಿ ಹಾಕಿ ನಿಲ್ಲಸ್ತಾರ. ಅಷ್ಟು ಅಕ್ಕಿಗೆ 25 ಸಿಬಿಎಂ ಸಾಕು. ಒಳಗ ಇರೂದು 33. ಮ್ಯಾಲಿನ ಜಾಗ ಖಾಲಿನ ಹೋಗತೈತಿ, ಗಾಳಿಗೆ ಬಾಡಿಗಿ ಕೊಟ್ಟಂಗ. ಅಲ್ಲಿ ನಿಮ್ಮ ರೊಟ್ಟಿ ಡಬ್ಬಿ ಇಟ್ರ ಯಾರಿಗೂ ಭಾರ ಅಲ್ಲ. ಹಗುರ ಮಾಲಿಗೆ ಅಂಥ ಜಾಗ ಹುಡಕಬೇಕು.

ಇದಕ್ಕ ಎಕ್ಸ್‌ಪೋರ್ಟರ್ ಒಪ್ಪಬೇಕು ಅಷ್ಟ. 2023ರ ಜುಲೈ 20ಕ್ಕ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ಬಂದ್ ಮಾಡಿದಾಗ ನಮ್ಮ ಕಡೆ ಮಿಲ್ಲಿನೋರು ಕೈ ಕಟಗೊಂಡು ಕುಂತಿದ್ರು, ಅತ್ಲಾಗ ಅಮೆರಿಕಾದ ಅಂಗಡ್ಯಾಗ ಮಂದಿ ಮೂಟಿ ಮೂಟಿ ಹೊತ್ಕೊಂಡು ಹೋಗೂ ವಿಡಿಯೋ ಬರ್ತಿದ್ವು. 2024ರ ಸೆಪ್ಟೆಂಬರ್ ಕಡೀಗೆ ತಗದ್ರು. ಆವಾಗಿಂದ ಬರೇ ಅಕ್ಕಿ ನಂಬಬಾರದು ಅಂತ ಕೆಲವು ಎಕ್ಸ್‌ಪೋರ್ಟರ್ ಹಪ್ಪಳ, ಚಟ್ನಿ, ಅವಲಕ್ಕಿ ಅಂತ ಮಿಕ್ಸ್ ಕಂಟೇನರ್ ಮಾಡಾಕ ಮನಸ್ಸು ಮಾಡ್ಯಾರ.

ಮಸ್ಕಿ_ಫುಡ್‌ಟೆಕ್:
ಅಣ್ಣಾರ ಮಾತು ಕೇಳಾಕ ಛಲೋ ಅದ, ಆದ್ರ ಅಕ್ಕಿ ಮ್ಯಾಲ ರೊಟ್ಟಿ ಇಡೋದಕ್ಕ ನನ್ನ ತಕರಾರು ಅದ. ನಾನು ಫುಡ್ ಟೆಕ್ನಾಲಜಿ ಓದೀನಿ, ಲ್ಯಾಬಿನ್ಯಾಗ ಕೆಲಸ.

ಅಕ್ಕಿಯೊಳಗ ನೂರಕ್ಕ 12, 13ರಷ್ಟು ನೀರಿನ ಅಂಶ ಇರ್ತದ. 20 ಟನ್ ಅಕ್ಕಿ ಅಂದ್ರ ಎರಡೂವರಿ ಟನ್ ನೀರು ಒಳಗ ಕುಂತದ ಅಂತ ಲೆಕ್ಕ. ಹಗಲೊತ್ತು ಕಂಟೇನರ್ ಕಾದಾಗ ಅದರಾಗ ಸ್ವಲ್ಪ ಆವಿ ಆಗಿ ಮ್ಯಾಲ ಬರ್ತದ, ರಾತ್ರಿ ತಗಡು ತಂಪಾದಾಗ ಛತ್ತಿಗೆ ಹನಿ ಕಟ್ಟಿ ಕೆಳಗ ಸುರೀತದ. ಇದಕ್ಕ ಕಂಟೇನರ್ ಬೆವರು ಅಂತಾರ. ಚೆನ್ನೈ ಸೆಕಿಯಿಂದ ಹೊಂಟು ಥಂಡಿ ಸಮುದ್ರಕ್ಕ ಹೋಗೋ ಹಡಗಿನ್ಯಾಗ ಇದು ಜಾಸ್ತಿ. ಆ ಹನಿ ಮೊದಲು ಬೀಳೋದು ಯಾರ ಮ್ಯಾಲ? ಅಕ್ಕಾರ ರೊಟ್ಟಿ ಡಬ್ಬಿ ಮ್ಯಾಲ. ರಟ್ಟಿನ ಡಬ್ಬಿ ತೇವ ಹಿಡಿದ್ರ ಅರ್ಧ ಬಲ ಕಳಕೊಂತದ, ಕುಸೀತದ, ಆಮ್ಯಾಲ ರೊಟ್ಟಿ ಯಾರಿಗೂ ಬ್ಯಾಡ.

ಮಾಡೋದಿದ್ರ ಹಿಂಗ ಮಾಡ್ರಿ: ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ, ತೇವ ಹೀರೋ ಡೆಸಿಕೆಂಟ್ ಚೀಲ ಗ್ವಾಡಿಗೆ ಜೋತು ಬಿಡಬೇಕು, ಗ್ವಾಡಿ ಛತ್ತಿಗೆ ಕ್ರಾಫ್ಟ್ ಪೇಪರ್ ಹೊಚ್ಚಬೇಕು, ರೊಟ್ಟಿ ಒಳಗಿನ ಕವರ್ ಮಾಮೂಲಿ ಪ್ಲಾಸ್ಟಿಕ್ ನಡಿಯಂಗಿಲ್ಲ, ಒಳಮೈ ಬೆಳ್ಳಿಗತೆ ಹೊಳೆಯೋ ಮೆಟಲೈಸ್ಡ್ ಕವರ್ ಬೇಕು. ಸಾದಾ ಕವರಿನ್ಯಾಗ ಆವಿ ನಿಧಾನ ಒಳಗ ಹೊಕ್ಕೇ ಹೊಕ್ತದ, ರೊಟ್ಟಿ ಕಡಕ್ ಇದ್ದದ್ದು ಚರ್ಮ ಆಗ್ತದ.

ಗಂಗಾವತಿ_ದಲಾಲಿ:
ಅಲ್ಲ ಮೇಡಂ, ವರ್ಷಾನುಗಟ್ಲೆ ಹಪ್ಪಳ ಹಂಗ ಹೋಗ್ಯಾವಲ್ಲ?

ಮಸ್ಕಿ_ಫುಡ್‌ಟೆಕ್:
ಹಪ್ಪಳ ಕರೀತಾರ ಅಣ್ಣಾರ, ಚೂರು ಮೆತ್ತಗಾದ್ರೂ ಎಣ್ಯಾಗ ಬಿದ್ದ ಮ್ಯಾಲ ಸರಿ ಹೋಗ್ತದ. ರೊಟ್ಟಿ ಹಂಗೇ ತಿಂತಾರ.

ಶೇಂಗಾ ಚಟ್ನಿದು ಬ್ಯಾರೆ ತೊಂದ್ರಿ. ಶೇಂಗಾದಾಗ ಹತ್ತತ್ರ ಅರ್ಧ ಎಣ್ಣಿನೇ ಇರ್ತದ. ಬಿಸಿಗೆ, ಗಾಳಿಗೆ ಅದು ಕಮಟಾಗ್ತದ. ಒಣಕೊಬ್ಬರಿ ಹಾಕಿದ್ರ ಇನ್ನೂ ಬೇಗ. ಕವರಿನ್ಯಾಗ ನೈಟ್ರೋಜನ್ ಹೊಡಿಸಿ ಸೀಲ್ ಮಾಡಿಸ್ರಿ, ಆಕ್ಸಿಜನ್ ಹೀರೋ ಸಣ್ಣ ಸ್ಯಾಶೆ ಹಾಕ್ರಿ. ನಿಮ್ಮ ಪ್ಯಾಕಿನ ಮ್ಯಾಲ ಆರು ತಿಂಗಳು ಅಂತ ಬರದಿರ್ತೀರಿ, ಹಡಗಿನ್ಯಾಗೇ ಎರಡು ತಿಂಗಳು ಹೋದ್ರ ಅಂಗಡಿಯಾಂವ ಮಾರೋದು ಯಾವಾಗ?

ಲ್ಯಾಬಿನ್ಯಾಗ ಶೆಲ್ಫ್ ಲೈಫ್ ಟೆಸ್ಟ್ ಮಾಡಿಸಲೇಬೇಕು. ಆದ್ರ ಅದಕ್ಕೂ ಮೊದಲು ಪುಗಸಟ್ಟೆ ಟೆಸ್ಟ್ ಒಂದದ. ಏಪ್ರಿಲ್‌ನ್ಯಾಗ ಪ್ಯಾಕ್ ಮಾಡಿದ ಡಬ್ಬಿ ತಗಡಿನ ಶೆಡ್ಡಿನ್ಯಾಗ ಮೇ ಕಡೀತನಕ ಇಡ್ರಿ, ಮ್ಯಾಲ ಭಾರ ಹೇರಿ. ನಮ್ಮ ಕಡೆ ಬಿಸಲಿಗೆ ತಡಕೊಂಡ ಚಟ್ನಿ ಹಡಗಿನ ಡೆಕ್ ಮ್ಯಾಲಿನ ಕಾವನ್ನೂ ತಡಕೊಂತದ.

ತೋರಣಗಲ್ಲು_ಟೆಕ್ಕಿ:
ಹಹಹ ಬಳ್ಳಾರಿ ಬಿಸಿಲು ಕೊನೆಗೂ ಒಂದು ಕೆಲಸಕ್ಕೆ ಬಂತು. ನಂದೊಂದು ಡೌಟು, ಮೊದ್ಲು ದುಬೈ ಯಾಕೆ ಟ್ರೈ ಮಾಡ್ಬಾರ್ದು? ಹತ್ರ, ಸುಂಕನೂ ಕಮ್ಮಿ ಅಂತಾರೆ.

ಬಳ್ಳಾರಿ_ಟು_ಚೆನ್ನೈ:
ಒಳ್ಳೆ ಪ್ರಶ್ನೆ. ಮುಂಬೈ ನಾವಾ ಶೇವಾದಿಂದ ದುಬೈನ ಜೆಬೆಲ್ ಅಲಿ ಬಂದರಿಗೆ ಹಡಗು ಒಂದು ವಾರದೊಳಗೆ ಮುಟ್ಟುತ್ತೆ. ಯುಎಇ ಜೊತೆ ಸೆಪಾ ಅನ್ನೋ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಲಿದೆ, ಅದರ ಕೆಳಗೆ ಮಾಲು ಭಾರತದ್ದೇ ಅನ್ನೋ ಸರ್ಟಿಫಿಕೇಟ್ ಆಫ್ ಒರಿಜಿನ್ ತಗೊಂಡ್ರೆ ಖರೀದಿದಾರನಿಗೆ ಸುಂಕದಾಗೆ ಲಾಭ. ಲೇಬಲ್ ಅರಬಿಯಲ್ಲಿ ಇರಲೇಬೇಕು, ಅದನ್ನ ಅಲ್ಲಿನ ಮುನ್ಸಿಪಾಲ್ಟಿಯಲ್ಲಿ ರಿಜಿಸ್ಟರ್ ಮಾಡಿಸೋದು ಇಂಪೋರ್ಟರ್ ಕೆಲಸ. ಆದ್ರೆ ಅಕ್ಕಾರಿಗೆ ಆರ್ಡರ್ ಬಂದಿರೋದು ಟೆಕ್ಸಾಸಿಂದ, ದುಬೈನಿಂದ ಅಲ್ಲ. ಗಿರಾಕಿ ಇಲ್ಲದೆ ದೇಶ ಆರಿಸಿ ಏನು ಮಾಡೋದು.

ಅಮೆರಿಕಾ ಹಾದಿ ಈಗ ಉದ್ದ ಆಗಿದೆ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಾಗೆ ಹೂತಿಗಳು ಹಡಗಿನ ಮೇಲೆ ದಾಳಿ ಶುರು ಮಾಡಿದ ಮೇಲೆ ಬಹಳಷ್ಟು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗೋಕೆ ಹತ್ತಿದ್ವು, ಅದರಿಂದ 10ರಿಂದ 14 ದಿನ ಹೆಚ್ಚಾಗೋದು. ಬುಕಿಂಗ್ ಮಾಡುವಾಗ ಹಡಗು ಯಾವ ಹಾದಿ ಹಿಡಿತದೆ ಅಂತ ಕೇಳ್ರಿ. ಎಲ್‌ಸಿಎಲ್ ಆದ್ರೆ ಚೆನ್ನೈ ಗೋಡೌನಾಗೆ ಕಂಟೇನರ್ ತುಂಬೋವರೆಗೂ ಕಾಯೋದು ಬೇರೆ, ಕೊಲಂಬೋದಲ್ಲೋ ಸಿಂಗಾಪುರದಲ್ಲೋ ಹಡಗು ಬದಲಾಯಿಸೋದು ಬೇರೆ. ಮನೆಯಿಂದ ಅಂಗಡಿಗೆ ಎರಡು ತಿಂಗಳು ಅಂತಲೇ ಲೆಕ್ಕ ಹಾಕ್ರಿ.

ಕುಕನೂರು_ರೊಟ್ಟಿಮನಿ:
ಅಮೆರಿಕಾದ ಆಹಾರ ಇಲಾಖೆ ಎಫ್‌ಡಿಎದ್ದು ಸರ್ಟಿಫಿಕೇಟ್ ಮಾಡಿಸಿ ಕೊಡ್ತೀನಿ ಅಂತ ಒಬ್ಬಾಂವ ಫೋನ್ ಮಾಡಿ ಮಾಡಿ ಜೀವಾ ತಿನ್ನಾಕತ್ತಾನ್ರಿ. ಬಂಗಾರದ ಬಣ್ಣದ ಸೀಲ್ ಇರೂ ಕಾಗದ ವಾಟ್ಸಪ್ ಮಾಡಿದ್ದ. 45 ಸಾವಿರ ಕೇಳ್ತಾನ. ಕೊಡೂದೇನ್ರಿ?

ಸಿಂಧನೂರಿನವ_ಡಲ್ಲಾಸ್:
ಕೊಡಬ್ಯಾಡ್ರಿ!! ಎಫ್‌ಡಿಎ ಅಂಥ ಸರ್ಟಿಫಿಕೇಟೇ ಕೊಡಂಗಿಲ್ಲ. ರಿಜಿಸ್ಟ್ರೇಷನ್ ಅಂತ ಮಾಡಬೇಕು, ಅದಕ್ಕ ಫೀಸೇ ಇಲ್ಲ, ಆನ್‌ಲೈನ್ ನೀವೇ ಮಾಡಬಹುದು. ನಿಮ್ಮ ಯೂನಿಟ್ಟಿಗೆ ಡನ್ಸ್ ಅಂತ ಒಂದು ಗುರುತಿನ ನಂಬರ್ ಬೇಕು, ಅಮೆರಿಕಾದಾಗ ಇರೋ ಒಬ್ಬರನ್ನ ಯುಎಸ್ ಏಜೆಂಟ್ ಅಂತ ತೋರಿಸಬೇಕು. ಬಹಳ ಮಂದಿ ಈ ಏಜೆಂಟ್ ಕೆಲಸಕ್ಕ ವರ್ಷಕ್ಕಿಷ್ಟು ಅಂತ ತಗೋತಾರ, ಅದು ನ್ಯಾಯ. ಖರೀದಿದಾರನೇ ಆಗಬಹುದು. ಸರಿ ಸಂಖ್ಯೆ ವರ್ಷದ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗ ರಿನ್ಯೂ ಮಾಡಬೇಕು, ಮರತ್ರ ನಂಬರ್ ರದ್ದು, ಮಾಲು ಬಂದರದಾಗ ನಿಲ್ತದ.

ಆಮ್ಯಾಲ ಎರಡು ನೋಟಿಸ್ ಅವ. ಚೆನ್ನೈದಾಗ ಆಗಲಿ ಕೊಲಂಬೋದಾಗ ಆಗಲಿ, ಅಮೆರಿಕಾಕ್ಕ ಬರೋ ಹಡಗಿಗೆ ಮಾಲು ಏರೋ 24 ತಾಸು ಮೊದಲೇ ಐಎಸ್‌ಎಫ್ ಅಂತ ಮಾಲಿನ ವಿವರ ಇಲ್ಲಿನ ಕಸ್ಟಮ್ಸ್‌ಗೆ ಹಾಕಬೇಕು, ತಪ್ಪಿದ್ರ ಇಂಪೋರ್ಟರ್‌ಗೆ 5000 ಡಾಲರ್ ತನಕ ದಂಡ. ಮಾಹಿತಿ ಕೊಡೋದು ನೀವು, ಫೈಲ್ ಮಾಡೋದು ಅವ್ರು. ಇನ್ನೊಂದು ಎಫ್‌ಡಿಎಗೆ ಪ್ರಯರ್ ನೋಟಿಸ್, ಹಡಗು ಮುಟ್ಟೋ 8 ತಾಸು ಮೊದಲು. ಎಲ್ಲಾಕ್ಕಿಂತ ಮುಖ್ಯ, ನಿಮ್ಮ ಟೆಕ್ಸಾಸ್ ಅಂಗಡಿಯಾಂವ ಮೊದಲು ಇಂಪೋರ್ಟ್ ಮಾಡ್ಯಾನೋ ಇಲ್ಲೋ ಕೇಳ್ರಿ. ಎಫ್‌ಎಸ್‌ವಿಪಿ ಅಂತ ಒಂದು ಕಾನೂನದ, ತಾನು ತರಿಸೋ ಮಾಲು ಸುರಕ್ಷಿತ ಅಂತ ಇಂಪೋರ್ಟರೇ ಪರೀಕ್ಷೆ ಮಾಡಿ ಕಾಗದ ಇಟ್ಕೋಬೇಕು. ಅದರ ಹೆಸರೇ ಕೇಳಿಲ್ಲ ಅಂದ್ರ ಆತನ ಜೋಡಿ ವ್ಯಾಪಾರ ಬ್ಯಾಡ, ಅಥವಾ ಅಲ್ಲೇ ಇರೋ ದೊಡ್ಡ ಡಿಸ್ಟ್ರಿಬ್ಯೂಟರ್ ಮೂಲಕ ಬರಲಿ.

ಮಸ್ಕಿ_ಫುಡ್‌ಟೆಕ್:
ಸರಿಯಾಗಿ ಹೇಳಿದ್ರಿ. ಆ ಪರೀಕ್ಷೆದಾಗ ಅವ್ರು ಕೇಳೋದು ಮುಖ್ಯವಾಗಿ ಎರಡು. ಒಂದು ಶೇಂಗಾದಾಗ ಅಫ್ಲಾಟಾಕ್ಸಿನ್, ಬೂಸಲದಿಂದ ಬರೋ ವಿಷ. ಅಮೆರಿಕಾ ಮಿತಿ 20 ಪಿಪಿಬಿ, ಅಂದ್ರ ನೂರು ಕೋಟಿ ಪಾಲಿನ್ಯಾಗ 20 ಪಾಲು, ಯುರೋಪ್ ಆದ್ರ ಆ ವಿಷದಾಗಿನ ಬಿ1 ಅನ್ನೋ ನಮೂನಿ 2, ಎಲ್ಲಾ ಸೇರಿ 4, ಭಾಳ ಬಿಗಿ. ಹುರಿಯೋದರಿಂದ ಪೂರಾ ಹೋಗಂಗಿಲ್ಲ. ಮುದುಡಿದ್ದು, ಬಣ್ಣ ಕೆಟ್ಟದ್ದು, ಹುಳ ಹಿಡಿದ ಕಾಳು ಹುರಿಯೋ ಮೊದಲೇ ಆರಿಸಿ ತಗೀಬೇಕು, ಇದರಾಗ ನಿಮ್ಮ ಸಂಘದ ಹೆಣ್ಮಕ್ಕಳ ಕಣ್ಣಿಗಿಂತ ದೊಡ್ಡ ಮಷಿನ್ ಇಲ್ಲ ಅಂತ ನಾ ನಂಬ್ತೀನಿ. ಎರಡನೇದು ಸಾಲ್ಮೊನೆಲ್ಲಾ, ಹೊಟ್ಟಿ ಕೆಡಿಸೋ ಬ್ಯಾಕ್ಟೀರಿಯಾ. ಒಣ ಪುಡಿದಾಗ ಅದು ಬೆಳಿಯಂಗಿಲ್ಲ ಖರೆ, ಸಾಯಂಗೂ ಇಲ್ಲ. ಶೇಂಗಾ ಹುರದು ಆಮ್ಯಾಲ ಹಸಿ ಬೆಳ್ಳುಳ್ಳಿ, ಹುರಿಯಲಾರದ ಖಾರದಪುಡಿ ಕೂಡಸ್ತೀರಲ್ಲ, ಅಲ್ಲೇ ದಾರಿ. ಬೆಳ್ಳುಳ್ಳಿ ಒಣಗಿಸಿದ್ದು ಹಾಕ್ರಿ, ಖಾರದಪುಡಿ ಸ್ಟೆರಿಲೈಸ್ ಮಾಡಿದ್ದು ತಗೊಳ್ರಿ. ಯುರೋಪಿಗೆ ಹೋಗೋ ವಿಚಾರ ಇದ್ರ ಎಥಿಲೀನ್ ಆಕ್ಸೈಡ್ ಅನ್ನೋ ಗ್ಯಾಸ್ ಹೊಡೆದದ್ದು ಮಾತ್ರ ಬ್ಯಾಡ, 2020ರಾಗ ನಮ್ಮ ದೇಶದ ಎಳ್ಳಿನ್ಯಾಗ ಅದು ಸಿಕ್ಕು ಅಲ್ಲಿ ರಾಶಿ ರಾಶಿ ಮಾಲು ವಾಪಸ್ ತಗಿಸಿದ್ರು.

ಲೇಬಲ್‌ನ್ಯಾಗ ಶೇಂಗಾ ಅದ ಅಂತ ಬಿಡಿಸಿ ಬರೀಬೇಕು. ಎಳ್ಳೂ ಅಷ್ಟೇ, 2023ರ ಜನವರಿ 1ರಿಂದ ಅಮೆರಿಕಾದಾಗ ಎಳ್ಳು ಒಂಬತ್ತನೇ ಅಲರ್ಜಿ ಪದಾರ್ಥ. ಸಜ್ಜಿ ರೊಟ್ಟಿ ಮ್ಯಾಲ ಎಳ್ಳು ಒತ್ತಿರ್ತೀರಲ್ಲ, ಅದಕ್ಕೂ ಅನ್ವಯ. ಮತ್ತ ಅದೇ ತಟ್ಟಿ, ಅದೇ ಮೇಜು ಮ್ಯಾಲ ಶೇಂಗಾ ಕೆಲಸ ಮಾಡಿದ್ರ ಜ್ವಾಳದ ರೊಟ್ಟಿಗೂ ಹತ್ತಿರ್ತದ. ಬ್ಯಾರೆ ಕ್ವಾಣಿ ಮಾಡ್ಕೊಳ್ರಿ.

ಉಪ್ಪಿನಕಾಯಿ ಸದ್ಯಕ್ಕ ಬ್ಯಾಡ ಅಂತ ನನ್ನ ಸಲಹೆ. ಹುಳಿ ಹಾಕಿ ಕೆಡದಂಗ ಮಾಡಿದ್ದು ಅಂದ್ರ ಅಮೆರಿಕಾದಾಗ ಅದು ಆಸಿಡಿಫೈಡ್ ಫುಡ್ ಲೆಕ್ಕಕ್ಕ ಬರಬಹುದು, ಪಿಎಚ್ (ಹುಳಿ ಅಳತಿ) 4.6ಕ್ಕಿಂತ ಮ್ಯಾಲ ಹೋಗಬಾರದು, ಯೂನಿಟ್ಟಿಗೆ ಎಫ್‌ಸಿಇ ಅಂತ ಬ್ಯಾರೆ ನೋಂದಣಿ ನಂಬರ್ ಬೇಕು, ಒಂದೊಂದು ನಮೂನಿ ಉಪ್ಪಿನಕಾಯಿಗೆ ಒಂದೊಂದು ಎಸ್‌ಐಡಿ, ಅಂದ್ರ ಮಾಡೋ ವಿಧಾನದ ವಿವರ, ಹಾಕಬೇಕು, ಬಾಟಲಿ ಅಳತೆ ಬದಲಾದ್ರ ಮತ್ತೊಂದು. ಅದಕ್ಕ ಪ್ರೋಸೆಸ್ ಬರದು ಕೊಡೋ ತಜ್ಞರ ಫೀಸ್ ಕೇಳಿದ್ರ ಉಪ್ಪಿನಕಾಯಿ ಹುಳಿ ಸಾಲಂಗಿಲ್ಲ.

ಗಂಗಾವತಿ_ದಲಾಲಿ:
ಮಿಕ್ಸ್ ಕಂಟೇನರ್‌ದಾಗ ನನಗಿರೂ ಅಂಜಿಕಿನೂ ಅದ. ಒಂದು ಐಟಂ ಮ್ಯಾಲ ಎಫ್‌ಡಿಎ ಹೋಲ್ಡ್ ಹಾಕಿದ್ರ ಅಕ್ಕಿನೂ ಕೂಡಿ ಬಂದರದಾಗ ಕುಂದರತೈತಿ, ದಿನಾ ಬಾಡಿಗಿ ಏರತೈತಿ.

ಬಳ್ಳಾರಿ_ಟು_ಚೆನ್ನೈ:
ಹೌದು, ಅದೇ ನಿಜವಾದ ರಿಸ್ಕು. ಕಾಗದದ ಕಡೆ ಮಾತ್ರ ಮಿಕ್ಸ್ ಕಂಟೇನರ್ ಅಕ್ಕಾರಿಗೆ ಸುಲಭ. ಎಕ್ಸ್‌ಪೋರ್ಟರ್ ಹೆಸರಲ್ಲೇ ಶಿಪ್ಪಿಂಗ್ ಬಿಲ್ಲು (ಕಸ್ಟಮ್ಸ್‌ಗೆ ಕೊಡೋ ರಫ್ತು ಕಾಗದ), ನೀವು ಅವರಿಗೆ ಮಾರಿಬಿಡ್ತೀರಿ. ಮರ್ಚೆಂಟ್ ಎಕ್ಸ್‌ಪೋರ್ಟರ್‌ಗೆ, ಅಂದ್ರೆ ಬೇರೆಯವರ ಮಾಲು ಕೊಂಡು ರಫ್ತು ಮಾಡೋರಿಗೆ, ಮಾರೋವಾಗ ಶರತ್ತು ಪಾಲಿಸಿದ್ರೆ ಜಿಎಸ್‌ಟಿ ಬರೀ 0.1 ಪರ್ಸೆಂಟ್, ಅವರು 90 ದಿನದಾಗೆ ದೇಶ ದಾಟಿಸಬೇಕು. ನೇರ ನೀವೇ ಕಳ್ಸಿದ್ರೆ ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಹಾಕಿ ಜಿಎಸ್‌ಟಿ ಇಲ್ಲದೆ ಕಳ್ಸಬಹುದು. ಚಟ್ನಿ ಹಪ್ಪಳ ಉಪ್ಪಿನಕಾಯಿ ಎಲ್ಲಾ ಕೃಷಿ, ಆಹಾರ ರಫ್ತು ನೋಡ್ಕೊಳ್ಳೋ ಅಪೆಡಾ ಸಂಸ್ಥೆ ಪಟ್ಟಿಲಿದೆ, ಅಲ್ಲಿ ಆರ್‌ಸಿಎಂಸಿ ಅಂತ ನೋಂದಣಿ ಮಾಡಿಸ್ರಿ. ಮಷಿನ್ ತಗೊಳ್ಳೋಕೆ ಸಣ್ಣ ಆಹಾರ ಯೂನಿಟ್‌ಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಸಾಲ ಈಗಲೂ ಸಿಗ್ತದಾ ವಿಚಾರಿಸ್ರಿ, ಅದರಾಗೆ 35 ಪರ್ಸೆಂಟ್ ಸಬ್ಸಿಡಿ, 10 ಲಕ್ಷದವರೆಗೆ ಇತ್ತು. ನಮ್ಮ ರಾಜ್ಯದಾಗೆ ಅದನ್ನ ನೋಡ್ಕೊಳ್ಳೋದು ಕೆಪೆಕ್ ಅನ್ನೋ ಸರ್ಕಾರಿ ನಿಗಮ.

ಮರದ ಪ್ಯಾಲೆಟ್ ಹಾಕಿದ್ರೆ ಐಎಸ್‌ಪಿಎಂ 15 ಮುದ್ರೆ ಇರ್ಲೇಬೇಕು, ಅಂದ್ರೆ ಮರದ ಒಳಭಾಗ 56 ಡಿಗ್ರಿಗೆ 30 ನಿಮಿಷ ಕಾಯಿಸಿದ್ದು. ಎಲ್‌ಸಿಎಲ್‌ನಲ್ಲಿ ನಿಮ್ಮ ಡಬ್ಬದ ಮೇಲೆ ಯಾರೋ ಮೋಟರ್ ಪಂಪು ಇಡ್ತಾರೆ, ಮೇಲೆ ಏನೂ ಇಡಬಾರದು ಅಂತ ಸ್ಟಿಕರ್ ಹಚ್ಚಿದ್ರೂ ನಂಬಕ್ಕಾಗಲ್ಲ, 7 ಪ್ಲೈ, ಅಂದ್ರೆ ಏಳು ಪದರದ ರಟ್ಟಿನ ಡಬ್ಬ ಹಾಕ್ರಿ, ಒಂದರ ನೆತ್ತಿ ಮೇಲೆ ಒಂದು ನೇರ ಪೇರಿಸ್ರಿ. ಇಟ್ಟಿಗೆ ಕಟ್ಟಿದಂಗೆ ಅಡ್ಡಡ್ಡ ಇಟ್ರೆ ಡಬ್ಬದ ಮೂಲೆ ಬಲ ಹೋಗ್ತದೆ.

ಇನ್ಶೂರೆನ್ಸ್ ಬಿಡಬ್ಯಾಡ್ರಿ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್‌ನಲ್ಲಿ ಆರು ದಿನ ಸಿಕ್ಕಾಕ್ಕೊಂಡಿತ್ತಲ್ಲ, ಆಮೇಲೆ ಮಾಲೀಕರು ಜನರಲ್ ಆವರೇಜ್ ಅಂತ ಸಾರಿ ಬಿಡಿಸೋ ಖರ್ಚಿನಲ್ಲಿ ಮಾಲು ಇದ್ದೋರೂ ಪಾಲು ಕೊಡಬೇಕು ಅಂದ್ರು. ಇನ್ಶೂರೆನ್ಸ್ ಇದ್ರೆ ಅದನ್ನ ಕಂಪನಿ ನೋಡ್ಕೊಂತದೆ. ಆದ್ರೆ ಚಟ್ನಿ ತನ್ನಷ್ಟಕ್ಕೆ ತಾನೇ ಕಮಟಾದ್ರೆ ಯಾವ ಪಾಲಿಸಿನೂ ಕೊಡಲ್ಲ.

ಕುಕನೂರು_ರೊಟ್ಟಿಮನಿ:
ಇಷ್ಟೆಲ್ಲಾ ಓದಿ ತಲಿ ಗಿರ್ ಅಂತು, ಆದ್ರ ದಾರಿ ಕಾಣಾಕತ್ತೈತ್ರಿ. ನಾ ವಿಚಾರ ಮಾಡಿದ್ದು ಹಿಂಗ. ರೊಟ್ಟಿ ದುಂಡಗ, ಡಬ್ಬಿ ಚೌಕ, ನಾಕೂ ಮೂಲ್ಯಾಗ ಜಾಗ ಉಳೀತೈತಿ, ಹೆಚ್ಚು ಕಮ್ಮಿ ಐದರಾಗ ಒಂದು ಪಾಲು. ಆ ಮೂಲ್ಯಾಗ ಚಟ್ನಿ ಪೌಚ್ ಉದ್ದಕ ನಿಲ್ಲಿಸಿದ್ರ ರೊಟ್ಟಿ ಅಳ್ಳಾಡಂಗಿಲ್ಲ, ಡಬ್ಬಿ ತೂಕನೂ ಬರತೈತಿ. ರೊಟ್ಟಿ ಅಳತಿನೂ ಸಣ್ಣದು ಮಾಡೂದು, ದೊಡ್ಡ ರೊಟ್ಟಿ ಮುರಿಯೂದ ಹೆಚ್ಚು. ಅಂಗಡಿಯೋರಿಗೆ ರೊಟ್ಟಿ ಚಟ್ನಿ ಜೋಡಿ ಪ್ಯಾಕ್ ಅಂತ ಕೇಳ್ತೀನಿ.

ಸಿಂಧನೂರಿನವ_ಡಲ್ಲಾಸ್:
ಅಕ್ಕಾರ ಇದು ಭಾರಿ ಅದ!! ಜೋಡಿ ಪ್ಯಾಕ್ ಇಲ್ಲಿ ಯಾರೂ ಮಾಡಿಲ್ಲ ನಾ ನೋಡಿದ ಮಟ್ಟಿಗೆ. ಗುರೆಳ್ಳು ಚಟ್ನಿ ಹಾಕ್ರಿ, ಅದು ಇಲ್ಲಿ ಸಿಗೋದೇ ಇಲ್ಲ.

ಮಸ್ಕಿ_ಫುಡ್‌ಟೆಕ್:
ಛಲೋ ಐಡಿಯಾ, ಆದ್ರ ಚಟ್ನಿ ಪೌಚ್ ಸೋರಿ ಎಣ್ಣಿ ಹತ್ತಿದ್ರ ರೊಟ್ಟಿನೂ ಹೋತು. ಪೌಚ್ ಸೀಲ್ ಅಗಲ ಇರಲಿ, ಒತ್ತಿ ಟೆಸ್ಟ್ ಮಾಡ್ರಿ. ಒಂದೇ ಪ್ಯಾಕಿನ್ಯಾಗ ಎರಡು ಐಟಂ ಅಂದ್ರ ಎಕ್ಸ್‌ಪೈರಿ ಯಾವುದು ಮೊದಲು ಬರ್ತದೋ ಅದೇ ಹಾಕಬೇಕು.

ಕುಕನೂರು_ರೊಟ್ಟಿಮನಿ:
ಹೂಂ ರಿ. ರೊಕ್ಕದ ಮಾತು ಒಂದ ಉಳೀತು. ಮಾಲು ಮುಟ್ಟಿದ ಮ್ಯಾಲ ಕೊಡ್ತೀನಿ ಅಂತಾರ ಅವ್ರು.

ಬಳ್ಳಾರಿ_ಟು_ಚೆನ್ನೈ:
ಮೊದಲನೇ ಸಲ ಅದಕ್ಕೆ ಒಪ್ಪಬ್ಯಾಡ್ರಿ. ಅರ್ಧ ಅಡ್ವಾನ್ಸು, ಉಳಿದಿದ್ದು ಬಿಎಲ್ (ಹಡಗು ಕಂಪನಿ ಕೊಡೋ ಮಾಲಿನ ಕಾಗದ) ಕಾಪಿ ಕಳ್ಸಿದ ಮೇಲೆ. ಒರಿಜಿನಲ್ ಬಿಎಲ್ ನಿಮ್ಮ ಕೈಯಲ್ಲಿ ಇರೋವರೆಗೂ ಅವರು ಮಾಲು ಬಿಡಿಸ್ಕೊಳ್ಳಕ್ಕಾಗಲ್ಲ, ರೊಕ್ಕ ಜಮಾ ಆದ್ಮೇಲೆ ಟೆಲೆಕ್ಸ್ ರಿಲೀಸ್, ಅಂದ್ರೆ ಒರಿಜಿನಲ್ ಇಲ್ಲದೆನೇ ಮಾಲು ಬಿಡ್ರಿ ಅನ್ನೋ ಸಂದೇಶ, ಕೊಡಿಸ್ರಿ. ಖರೀದಿದಾರ ರೊಕ್ಕ ಕೊಡದಿದ್ರೆ ನಷ್ಟ ತುಂಬೋ ಇಸಿಜಿಸಿ ಪಾಲಿಸಿ ಬಗ್ಗೆನೂ ಬ್ಯಾಂಕಲ್ಲಿ ಕೇಳಿಡ್ರಿ. ಮತ್ತೆ ರೇಟು ಎಫ್‌ಒಬಿ ಚೆನ್ನೈ ಅಂತ ಹೇಳ್ರಿ, ಹಡಗು ಹತ್ತಿಸೋವರೆಗೆ ನಿಮ್ಮ ಜವಾಬ್ದಾರಿ, ಮುಂದಿಂದು ಅವರದು.

ಗಂಗಾವತಿ_ದಲಾಲಿ:
ತಂಗಿ, ಮೊದಲನೇ ಮಾಲು ಎಲ್‌ಸಿಎಲ್‌ದಾಗ ಎರಡು ಮೂರು ಸಿಬಿಎಂ ಕಳಿಸಿ ನೋಡು. ತಗಡಿನ ಶೆಡ್ಡಿನ ಪರೀಕ್ಷಾದಾಗ ಪಾಸಾಗಿ, ಆ ಕಡೆ ತಕರಾರಿಲ್ಲದ ಇಳದ್ರ ಮುಂದಿನ ಸಲ ನಮ್ಮ ಎಕ್ಸ್‌ಪೋರ್ಟರ್ ಹತ್ರ ನಾನ ಮಾತಾಡ್ತೀನಿ, ಡೆಸಿಕೆಂಟ್ ಕ್ರಾಫ್ಟ್ ಪೇಪರ್ ಖರ್ಚು ಹಂಚ್ಕೊಳ್ಳೋಣ. ಡಬ್ಬಿ ಅಳತಿ ಫಿಕ್ಸ್ ಆದ ಕೂಡ್ಲೆ ಮೆಸೇಜ್ ಹಾಕು. ಉಪ್ಪಿನಕಾಯಿ ಮಾತ್ರ ನಮ್ಮ ಅಕ್ಕಿ ಕಂಟೇನರ್ ಹತ್ರ ತರಬ್ಯಾಡ ಮತ್ತ, ಒಂದು ಬಾಟ್ಲಿ ಒಡದ್ರ 20 ಟನ್ ಸೋನಾ ಮಸೂರಿ ಘಮ್ ಅಂತೈತಿ.